ಕಥೆ ಓಡು ಅನ್ನುತ್ತದೆ, ಗುಡ್ಡ ಬಾ ಅನ್ನುತ್ತದೆ

ನನ್ನ ಊರು ರಾಯಬಾಗ ತಾಲೂಕಿನ ಪಾಲಬಾವಿ. ಕೆಲಸ ಪುಣೆಯಲ್ಲಿ, ವಿಡಿಯೋ ಗೇಮ್‌ಗಳಿಗೆ ಕ್ವೆಸ್ಟ್, ಅಂದರೆ ಆಟಗಾರನಿಗೆ ಒಪ್ಪಿಸುವ ಕೆಲಸದ ಕಥೆ, ಬರೆಯುವುದು. ಇಲ್ಲಿ ಹೇಳಹೊರಟಿದ್ದು ಮುಖ್ಯವಾಗಿ ಓಪನ್ ವರ್ಲ್ಡ್ ಆರ್‌ಪಿಜಿಗಳ ಬಗ್ಗೆ. ಓಪನ್ ವರ್ಲ್ಡ್ ಆರ್‌ಪಿಜಿ ಎಂದರೆ ದೊಡ್ಡದೊಂದು ಲೋಕದಲ್ಲಿ ಆಟಗಾರ ಮನಬಂದ ಕಡೆ ತಿರುಗಬಹುದಾದ, ಆದರೆ ನಡುವೆ ಒಂದು ಮುಖ್ಯ ಕಥೆಯೂ ಇರುವ ಆಟ. ಈ ಎರಡಕ್ಕೂ ಹುಟ್ಟಿನಿಂದಲೇ ಜಗಳ. 2015ರ ‘ದಿ ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ತಾನು ಮಗಳಂತೆ ಬೆಳೆಸಿದ ಸಿರಿಯನ್ನು ಹುಡುಕುತ್ತಿದ್ದಾನೆ, ಅವಳ ಬೆನ್ನಿಗೆ ವೈಲ್ಡ್ ಹಂಟ್ ಎಂಬ ಪಡೆ ಬಿದ್ದಿದೆ, ಆಟಗಾರ ಮಾತ್ರ ಹೆಂಡದಂಗಡಿಯಲ್ಲಿ ಗ್ವೆಂಟ್ ಎಂಬ ಕಾರ್ಡಿನಾಟದ ಎಲೆ ಹಾಕುತ್ತ ಕೂತಿದ್ದಾನೆ. ಅದೇ ವರ್ಷದ ‘ಫಾಲ್‌ಔಟ್ 4’ರಲ್ಲಿ ಕೂಸನ್ನು ಕಳೆದುಕೊಂಡ ತಂದೆ ಅಥವಾ ತಾಯಿ ಯಾರದೋ ಊರಿಗೆ ಗೋಡೆ ಕಟ್ಟಿಕೊಡುತ್ತಿರುತ್ತಾರೆ. ಇದಕ್ಕೆ ಆಟಗಾರನನ್ನು ದೂರುವಂತಿಲ್ಲ. ‘ಓಡು’ ಎಂದು ಬರೆದವರೂ ನಾವೇ, ದಾರಿಯುದ್ದಕ್ಕೂ ನಿಲ್ಲಬೇಕೆನಿಸುವ ಜಾಗಗಳನ್ನು ಕಟ್ಟಿದವರೂ ನಾವೇ. ಈ ಕೆಲಸ ನನಗೆ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

1. ತಡವಾದರೆ ಏನಾಗುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳಿ

‘ಬೇಗ ಹೋಗು, ಇಲ್ಲದಿದ್ದರೆ ಎಲ್ಲ ಮುಗಿದುಹೋಗುತ್ತದೆ’ ಎಂಬ ಮಾತನ್ನು ಪಾತ್ರದ ಬಾಯಿಗೆ ಹಾಕುವ ಮೊದಲು ಒಂದು ಹಾಳೆಯಲ್ಲಿ ‘ಹೋಗದಿದ್ದರೆ?’ ಎಂದು ಬರೆಯುತ್ತೇನೆ. ಉತ್ತರ ‘ಏನೂ ಆಗುವುದಿಲ್ಲ’ ಎಂದಾದರೆ ಆ ಮಾತನ್ನು ಹೊಡೆದುಹಾಕುತ್ತೇನೆ. 2006ರ ‘ಆಬ್ಲಿವಿಯನ್’ ನೆನಪಿಸಿಕೊಳ್ಳಿ. ಕ್ವಾಚ್ ನಗರಕ್ಕೆ ದಾಳಿಯಾಗಿದೆ, ಸಾಮ್ರಾಜ್ಯದ ಕೊನೆಯ ವಾರಸುದಾರ ಮಾರ್ಟಿನ್ ಅಲ್ಲಿನ ಗುಡಿಯೊಳಗೆ ಸಿಕ್ಕಿಕೊಂಡಿದ್ದಾನೆ. ಆಟದ ಲೋಕದಲ್ಲಿ ತಿಂಗಳುಗಟ್ಟಲೆ ಅಲೆದು ಬಂದರೂ ಅದೇ ದಾಳಿ, ಅದೇ ಗುಡಿ, ಅದೇ ಮಾರ್ಟಿನ್.

ಆಟಗಾರರು ಇದನ್ನು ಬೇಗ ಪತ್ತೆಹಚ್ಚುತ್ತಾರೆ. ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅರ್ಧ ಕಟ್ಟಿದ ಆಟ ಇದ್ದರೆ ಅಣ್ಣನ ಮಗನ ಕೈಗೆ ಕೊಟ್ಟು ಹಿಂದೆ ಕೂರುವುದು ನನ್ನ ರೂಢಿ. ಒಮ್ಮೆ ಆಟದೊಳಗೆ ತಂಗಿಯೊಬ್ಬಳು ವಿಷವೇರಿ ಮಲಗಿದ್ದಳು, ಅವನು ಎದುರಿನ ಗುಡ್ಡ ಹತ್ತತೊಡಗಿದ. ‘ಔಷಧ ತರೂದಿಲ್ಲೇನೋ?’ ಎಂದೆ. ‘ಏನ ಆಗೂದಿಲ್ಲ ತಗೋ ಕಾಕಾ, ನಾ ಹೋಗೂತನಾ ಅಕಿ ಸಾಯೂದಿಲ್ಲ’ ಎಂದ. ಅವನಲ್ಲಿ ಕನಿಕರವಿಲ್ಲ ಎಂದಲ್ಲ. ಅಲ್ಲಿಯವರೆಗೆ ಆಡಿದ ಆಟಗಳು ಅವನಿಗೆ ಕಲಿಸಿದ್ದು ಅದನ್ನೇ. ಸುಳ್ಳು ಆತುರದ ನಿಜವಾದ ನಷ್ಟ ಇದು: ಒಂದು ಕ್ವೆಸ್ಟ್ ಕೆಡುವುದಷ್ಟೇ ಅಲ್ಲ, ಮುಂದೆ ಯಾರು ಎಷ್ಟು ಅತ್ತರೂ ಆಟಗಾರ ನಂಬುವುದಿಲ್ಲ.

2. ಗಡಿಯಾರ ಕೋಣೆಗೆ ಇರಲಿ, ಲೋಕಕ್ಕೆ ಬೇಡ

ಹಾಗಾದರೆ ಎಲ್ಲದಕ್ಕೂ ಟೈಮರ್ ಹಾಕಿಬಿಡೋಣ ಎಂದು ಹೊಸಬರು ಹೇಳುತ್ತಾರೆ. 1997ರ ಮೊದಲ ‘ಫಾಲ್‌ಔಟ್’ ಅದನ್ನು ಮಾಡಿ ನೋಡಿದೆ. ನೆಲಮಾಳಿಗೆಯ ಜನರಿಗೆ ನೀರು ಶುದ್ಧ ಮಾಡುವ ಯಂತ್ರದ ಚಿಪ್ ತರಬೇಕು, 150 ದಿನಗಳ ಗಡುವು. ನೀರಿನ ವ್ಯಾಪಾರಿಗಳಿಗೆ ಹಣ ಕೊಟ್ಟರೆ ಇನ್ನೂ 100 ದಿನ ಸಿಗುತ್ತದೆ. ಬಾಯಾರಿದ ಜನರ ಭಾರ ಹೆಗಲ ಮೇಲೆ ನಿಜಕ್ಕೂ ಕೂರುತ್ತದೆ, ಅದಕ್ಕೆ ಆ ಆಟದ ಮೇಲೆ ನನಗೆ ಬಹಳ ಗೌರವ. ಆದರೆ ಪ್ರತಿ ಅಡ್ಡದಾರಿಯಲ್ಲೂ ಆಟಗಾರ ಬೆರಳು ಮಡಚಿ ದಿನ ಎಣಿಸತೊಡಗಿದರೆ ನೋಡುವ ಕಣ್ಣು ಮುಚ್ಚಿಹೋಗುತ್ತದೆ.

ನನ್ನ ಒಲವು ಚಿಕ್ಕ ಗಡುವುಗಳ ಕಡೆ. 2011ರ ‘ಡಿಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ ಆರಂಭದಲ್ಲಿ ವಿಮಾನ ಕಾಯುತ್ತಿದೆ, ಒತ್ತೆಯಾಳುಗಳಿದ್ದಾರೆ, ಆಟಗಾರ ಕಚೇರಿಯ ಮೇಜು ತಡಕುತ್ತ ಉಳಿದರೆ ಅವರು ಸಾಯುತ್ತಾರೆ. 2010ರ ‘ಮಾಸ್ ಎಫೆಕ್ಟ್ 2’ರಲ್ಲಿ ಹಡಗಿನ ಸಿಬ್ಬಂದಿ ಅಪಹರಣವಾದ ಕೂಡಲೇ ಹೊರಟರೆ ಅವರನ್ನು ಉಳಿಸಬಹುದು, ಬೇರೆ ಕೆಲಸ ಒಂದೊಂದಾಗಿ ಮುಗಿಸಿ ಹೋದರೆ ಹೆಚ್ಚುಕಡಿಮೆ ಎಲ್ಲರೂ ಸತ್ತಿರುತ್ತಾರೆ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಉರಿಯುತ್ತಿರುವ ತಂಗುದಾಣವನ್ನು ಕಂಡೂ ಮಲಗಿ ಎದ್ದರೆ ಒಳಗಿದ್ದವರು ಉಳಿಯುವುದಿಲ್ಲ. ಕಣ್ಣೆದುರಿನ ಬೆಂಕಿಗೆ ಗಡುವು ಇದೆ, ದೂರದ ಕಾಡಿಗೆ ಇಲ್ಲ. ಇಂಥದ್ದು ಆಟದಲ್ಲಿ ಬೇಗನೆ ಒಮ್ಮೆ ಬಂದರೆ ಸಾಕು, ಆಮೇಲೆ ಆಟಗಾರ ಪಾತ್ರಗಳ ಮಾತನ್ನು ಕಿವಿಗೊಟ್ಟು ಕೇಳುತ್ತಾನೆ.

3. ಬಿಡುವನ್ನು ಕಥೆಯೇ ಕೊಡಲಿ

ಇದನ್ನು ನಾನು ಕಲಿತದ್ದು ಆಟಗಳಿಗಿಂತ ಹೆಚ್ಚಾಗಿ ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಿಂದ. ಸೀತೆ ಲಂಕೆಯಲ್ಲಿದ್ದಾಳೆ, ರಾವಣ ಅವಳಿಗೆ ಹನ್ನೆರಡು ತಿಂಗಳ ಗಡುವು ಕೊಟ್ಟಿದ್ದಾನೆ. ಇದಕ್ಕಿಂತ ತುರ್ತಿನ ಮುಖ್ಯ ಕಥೆ ಯಾವುದಿದ್ದೀತು? ಆದರೂ ವಾಲಿಯ ವಧೆಯಾದ ಮೇಲೆ ಕಥೆ ನಿಲ್ಲುತ್ತದೆ. ಕಾರಣ ಮಳೆಗಾಲ. ದಾರಿ ಕಟ್ಟಿದೆ, ಸೈನ್ಯ ಹೊರಡುವಂತಿಲ್ಲ, ರಾಮನೇ ಗುಡ್ಡದ ಮೇಲೆ ಕೂತು ಕಾಯುತ್ತಾನೆ. ಹಂಪಿಯ ಮಾಲ್ಯವಂತ ಬೆಟ್ಟದಲ್ಲಿ ಇಂದಿಗೂ ಜನ ತೋರಿಸುವುದು ಆ ಕಾಯುವಿಕೆಯ ಜಾಗವನ್ನು. ಆ ನಾಲ್ಕು ತಿಂಗಳು ಯಾರಿಗೂ ಅಸಹಜ ಎನಿಸುವುದಿಲ್ಲ. ಮಳೆ ನಿಂತ ಮೇಲೂ ಸುಗ್ರೀವ ಭೋಗದಲ್ಲಿ ಮೈಮರೆತಾಗ ಮಾತ್ರ ಲಕ್ಷ್ಮಣ ಸಿಟ್ಟಿನಿಂದ ಬರುತ್ತಾನೆ. ಬಿಡುವಿಗೆ ಕಾರಣವೂ ಇದೆ, ಕೊನೆಯೂ ಇದೆ.

ಅಲ್ಲಿಂದ ಮುಂದಿನದು ಇನ್ನೂ ಸೊಗಸು. ಹುಡುಕಲು ಹೊರಟ ವಾನರರಿಗೆ ಒಂದು ತಿಂಗಳ ಗಡುವು. ದಕ್ಷಿಣಕ್ಕೆ ಹೋದ ಅಂಗದ, ಹನುಮಂತರ ತಂಡ ನೀರು ಹುಡುಕುತ್ತ ಸ್ವಯಂಪ್ರಭೆಯ ಗುಹೆ ಹೊಕ್ಕು ಹೊರಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅಂಗದ ಉಪವಾಸ ಬಿದ್ದು ಸಾಯುತ್ತೇನೆನ್ನುತ್ತಾನೆ. ಆ ಹತಾಶೆಯ ಮಾತಿನಲ್ಲಿ ಜಟಾಯುವಿನ ಹೆಸರು ಬರುತ್ತದೆ, ಅದನ್ನು ಕೇಳಿಸಿಕೊಂಡ ಅವನ ಅಣ್ಣ ಸಂಪಾತಿ ಸೀತೆ ಎಲ್ಲಿದ್ದಾಳೆಂದು ಹೇಳುತ್ತಾನೆ. ಅಡ್ಡದಾರಿಗೆ ಬೆಲೆ ತೆರಬೇಕಾಯಿತು, ಆ ಬೆಲೆಯೇ ಮುಖ್ಯ ದಾರಿಯನ್ನು ತೆರೆಯಿತು. ಕ್ವೆಸ್ಟ್ ಬರೆಯುವವರು ಈ ಸರ್ಗಗಳನ್ನು ಬಿಡಿಸಿ ಬಿಡಿಸಿ ಓದಬೇಕು.

ಆಟಗಳಲ್ಲಿ ಈ ಕಸುಬಿನ ಎರಡು ಒಳ್ಳೆಯ ಮಾದರಿಗಳಿವೆ. 2002ರ ‘ಮೊರೊವಿಂಡ್’ನಲ್ಲಿ ಕೆಲಸ ಒಪ್ಪಿಸಬೇಕಾದ ಕೈಯಸ್ ತಾನೇ ಹೇಳುತ್ತಾನೆ, ನೀನಿನ್ನೂ ಹೊಸಬ, ಯಾವುದಾದರೂ ಸಂಘ ಸೇರು, ನಾಲ್ಕು ಕೆಲಸ ಮಾಡಿ ಪಳಗು, ಆಮೇಲೆ ಬಾ ಎಂದು. ಅಲ್ಲಿಗೆ ಅಲೆದಾಟವೇ ಆಜ್ಞೆಯಾಯಿತು. 2017ರ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ರಾಜಕುಮಾರಿ ಜೆಲ್ಡಾ ನೂರು ವರ್ಷದಿಂದ ದುಷ್ಟ ಗ್ಯಾನನ್‌ನನ್ನು ತಡೆಹಿಡಿದಿದ್ದಾಳೆ. ನೂರು ವರ್ಷ ತಡೆದವಳು ನಾನು ಬಲ ಕೂಡಿಸಿಕೊಂಡು ಬರುವತನಕ ತಡೆಯುತ್ತಾಳೆ ಎಂಬ ನಂಬಿಕೆ ತಾನಾಗಿ ಬರುತ್ತದೆ. ಅವಸರ ಇದ್ದವರು ಆರಂಭದ ಎತ್ತರದ ಬಯಲಿನಿಂದ ಇಳಿದು ನೇರ ಗ್ಯಾನನ್ ಇರುವ ಕೋಟೆಗೇ ನುಗ್ಗಬಹುದು, ಆ ಬಾಗಿಲೂ ತೆರೆದೇ ಇದೆ.

4. ಪಕ್ಕದ ಕಥೆ ಮುಖ್ಯ ಕಥೆಯ ಮಾತನ್ನೇ ಆಡಲಿ

ನಮ್ಮ ಭಾಗದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿದ್ದರೆ ಸಾಕು. ಅದಕ್ಕೆ ರಂಗರೂಪ ಕೊಟ್ಟ ತಮ್ಮಣ್ಣನ ಕುಲಗೋಡ ನಮ್ಮಿಂದ ಬಹಳ ದೂರದ ಊರಲ್ಲ. ಅದನ್ನು ಹಾಡಿ ಆಡಿ ನಾಡಿಗೆಲ್ಲ ಹೆಸರಾದ ಕೌಜಲಗಿ ನಿಂಗಮ್ಮನ ಊರೂ ಅದೇ ಸೀಮೆಯದು. ಕಥೆ ಎಷ್ಟು? ನಾರದ ಹೂವು ತಂದ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಇಷ್ಟನ್ನು ರಾತ್ರಿಯಿಡೀ ಆಡುತ್ತಾರೆ. ಭಾಗವತನೇ ದೂತಿಯಾಗಿ ಮಾತಿಗೆ ಮಾತು ಬೆಳೆಸುತ್ತಾನೆ, ನಗಿಸುತ್ತಾನೆ, ಊರಿನ ಸುದ್ದಿಯನ್ನೂ ಎಳೆದು ತರುತ್ತಾನೆ. ಜನ ಎದ್ದು ಹೋಗುವುದಿಲ್ಲ. ಹರಟೆ ಎಲ್ಲಿಗೇ ಹೋದರೂ ಭಾಮೆಯ ಮುನಿಸಿನ ಸುತ್ತಲೇ ಸುಳಿಯುತ್ತಿರುತ್ತದೆ, ಆದ್ದರಿಂದ ಕಥೆ ನಿಂತಿತು ಎಂದು ಯಾರಿಗೂ ಅನಿಸುವುದಿಲ್ಲ.

‘ವಿಚರ್ 3’ರ ವೆಲೆನ್ ಪ್ರಾಂತದ ಬ್ಲಡಿ ಬ್ಯಾರನ್ ಕಥೆ ನಿಲ್ಲುವುದು ಈ ಬಲದ ಮೇಲೆ. ಸಿರಿಯ ಸುದ್ದಿ ಬೇಕಾದರೆ ನನ್ನ ಹೆಂಡತಿ, ಮಗಳನ್ನು ಹುಡುಕಿಕೊಡು ಎನ್ನುತ್ತಾನೆ ಬ್ಯಾರನ್. ಮಗಳನ್ನು ಕಳೆದುಕೊಂಡ ಒಬ್ಬ ತಂದೆಯ ಎದುರು ಮಗಳನ್ನು ಹುಡುಕುವ ಇನ್ನೊಬ್ಬ ತಂದೆ. ಆಟಗಾರ ಎಷ್ಟು ಹೊತ್ತು ಅಲ್ಲಿ ಕಳೆದರೂ ಸಿರಿ ಮರೆಯಾಗುವುದಿಲ್ಲ. 2020ರ ‘ಸೈಬರ್‌ಪಂಕ್ 2077’ ಇನ್ನೊಂದು ಬಗೆ ತೋರಿಸುತ್ತದೆ: ಸಾಯುತ್ತಿರುವ ಮುಖ್ಯ ಪಾತ್ರ ವಿ, ಪ್ಯಾನಮ್ ಎಂಬವಳ ಕೆಲಸಗಳಿಗೆ ಹೆಗಲು ಕೊಟ್ಟಿದ್ದರೆ ಕೊನೆಯಲ್ಲಿ ಅವಳ ಬಳಗದ ಜೊತೆ ಹೊರಡುವ ದಾರಿಯೂ ತೆರೆಯುತ್ತದೆ. ಸಮಯ ಕಡಿಮೆ ಇರುವವರು ಯಾರ ಜೊತೆ ಅದನ್ನು ಕಳೆಯುತ್ತಾರೆ ಎಂಬುದೇ ಅಲ್ಲಿ ಮುಖ್ಯ ಕಥೆ. ಅದೇ ಆಟ ಹೊರಬಂದಾಗ ಸುಮ್ಮನೆ ಕಾರು ಕೊಳ್ಳುವ ಕೆಲಸಗಳೂ ಇದ್ದವು. ಅವು ವಿ ಸಾಯುತ್ತಿರುವುದನ್ನು ಮರೆತಂತಿದ್ದವು, ನನಗೆ ಹಿಡಿಸಲಿಲ್ಲ.

5. ಆತುರ ಕಣ್ಣಿಗೆ ಕಾಣಲಿ

ಪಾತ್ರಗಳು ಪದೇಪದೇ ‘ಹೊರಡು, ಹೊರಡು’ ಎಂದು ಪೀಡಿಸಿದರೆ ಆಟಗಾರ ಕಿವಿ ಮುಚ್ಚಿಕೊಳ್ಳುತ್ತಾನೆ. 2000ರ ‘ಮಜೋರಾಸ್ ಮಾಸ್ಕ್’ನಲ್ಲಿ ಆಕಾಶದಲ್ಲಿ ಮುಖ ಸಿಂಡರಿಸಿದ ಚಂದ್ರ ಇಳಿದುಬರುತ್ತಿದ್ದಾನೆ, ಮೂರು ದಿನಕ್ಕೆ ನೆಲಕ್ಕಪ್ಪಳಿಸುತ್ತಾನೆ. ತಲೆ ಎತ್ತಿದರೆ ಸಾಕು. ಹಾಡು ನುಡಿಸಿ ಮೊದಲ ದಿನಕ್ಕೆ ಮರಳುವ ಅವಕಾಶವನ್ನೂ ಕೊಟ್ಟಿರುವುದರಿಂದ ಅಲೆದಾಟಕ್ಕೂ ಕೊರತೆಯಿಲ್ಲ.

6. ದಿನ ಗೊತ್ತಿದ್ದರೆ ದಾರಿ ಸಲೀಸು

ನಮ್ಮ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆ ಎಂಬ ದಿನ ಗೊತ್ತಾಗಿದೆ. ಎತ್ತಿನ ಗಾಡಿ ಕಟ್ಟಿಕೊಂಡು ಬರುವವರು ನಡುವೆ ನೀರು, ನೆರಳು, ನೆಂಟರ ಮನೆ ಕಂಡಲ್ಲಿ ನಿಲ್ಲುತ್ತಾರೆ, ಯಾರೂ ಗಾಬರಿ ಬೀಳುವುದಿಲ್ಲ. 2016ರ ‘ಪರ್ಸೋನಾ 5’ ಓಪನ್ ವರ್ಲ್ಡ್ ಅಲ್ಲದಿದ್ದರೂ ಕ್ಯಾಲೆಂಡರಿನಲ್ಲಿ ಗಡುವಿನ ದಿನವನ್ನು ತೆರೆದಿಟ್ಟು ಉಳಿದ ದಿನಗಳನ್ನು ಆಟಗಾರನ ಕೈಗೆ ಕೊಡುತ್ತದೆ. ಆತಂಕ ಹುಟ್ಟಿಸುವುದು ಬಚ್ಚಿಟ್ಟ ಗಡುವು. ಇನ್ನು ಮುಂದೆ ಹಿಂತಿರುಗಲಾಗದು ಎಂಬ ಹಂತ ಬಂದಾಗಲೂ ನೇರವಾಗಿ ಹೇಳಿಬಿಡುವುದು ಒಳ್ಳೆಯದು.

7. ತಡವಾಗಿ ಬಂದವನ ದೃಶ್ಯವನ್ನು ಮೊದಲು ಬರೆಯಿರಿ

ತುರ್ತಿನ ಕ್ವೆಸ್ಟ್ ಇದ್ದರೆ ನಾನು ಎರಡು ದೃಶ್ಯ ಬರೆಯುತ್ತೇನೆ, ವೇಳೆಗೆ ಬಂದವನಿಗೊಂದು, ತಡವಾದವನಿಗೊಂದು. ಮೊದಲು ಬರೆಯುವುದು ಎರಡನೆಯದನ್ನು. ಬಜೆಟ್ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ, ಆದ್ದರಿಂದ ಕತ್ತರಿಸಲು ಮನಸ್ಸು ಬಾರದಷ್ಟು ಚೆನ್ನಾಗಿ ಅದು ಇರಬೇಕು. ಅಲ್ಲಿ ಆಟಗಾರನಿಗೆ ಶಿಕ್ಷೆಯ ಬದಲು ಹೊಸ ಕೆಲಸ ಇರುತ್ತದೆ. ವಿಷವೇರಿದ ತಂಗಿಯ ಆ ಆಟವನ್ನು ಹೀಗೆ ಬದಲಿಸಿದೆ: ತಂಗಿ ಬದುಕಿಲ್ಲ, ಆದರೆ ವಿಷ ಹಾಕಿದವನು ಇದೇ ಊರಲ್ಲಿದ್ದಾನೆ, ತಾಯಿ ಮಾತು ಬಿಟ್ಟಿದ್ದಾಳೆ, ಗುಡ್ಡದ ಮೇಲೆ ಸಿಕ್ಕ ಬೇರನ್ನು ನೋಡಿ ನೆರೆಮನೆಯ ಮುದುಕಿ ಇದು ಆ ವಿಷಕ್ಕೇ ಮದ್ದಾಗಿತ್ತು ಎನ್ನುತ್ತಾಳೆ. ಅಣ್ಣನ ಮಗ ಆ ಬದಲಾದ ಆಟ ಆಡಿ, ಹಳೆಯ ಸೇವ್ ತೆಗೆದು, ಈ ಸಲ ಬೇರು ಹಿಡಿದು ಓಡಿದ.