ನೆನಪಿನಲ್ಲಿ ನಾವು ನಿಲ್ಲುವ ಸ್ಥಳ

ಕಳೆದ ಹಬ್ಬದಂದು ಪಂಕ್ತಿಯಲ್ಲಿ ಕುಳಿತು ಉಂಡುದನ್ನು ಕಣ್ಣು ಮುಚ್ಚಿ ಸ್ಮರಿಸಿಕೊಳ್ಳಿರಿ. ಎದುರಿನ ಬಾಳೆಯೆಲೆಯೂ ಅದರತ್ತ ಚಾಚಿದ ನಿಮ್ಮ ಕೈಯೂ ಕಾಣುತ್ತವೆಯೋ? ಅಥವಾ ಪಂಕ್ತಿಯಲ್ಲಿ ಕುಳಿತ ನಿಮ್ಮನ್ನೇ, ಬೇರೊಬ್ಬರು ನೋಡುವಂತೆ, ನೀವು ನೋಡುತ್ತೀರೋ? ಈ ಎರಡನೆಯ ದೃಶ್ಯವನ್ನು ಅಂದು ನಿಮ್ಮ ಕಣ್ಣು ಕಂಡಿರಲು ಸಾಧ್ಯವಿಲ್ಲ. ಅದು ಮನಸ್ಸು ಅನಂತರ ರಚಿಸಿದುದು.

ಮೊದಲನೆಯದನ್ನು ಅನುಭವಿಯ ನೆನಪೆಂದೂ ಎರಡನೆಯದನ್ನು ಪ್ರೇಕ್ಷಕನ ನೆನಪೆಂದೂ ಕರೆಯೋಣ. 1983ರಲ್ಲಿ ಈ ಭೇದವನ್ನು ಪರಿಶೀಲಿಸಿದ ಮನಶ್ಶಾಸ್ತ್ರಜ್ಞರಾದ ಜಾರ್ಜಿಯಾ ನೈಗ್ರೊ ಮತ್ತು ಉಲ್ರಿಕ್ ನೈಸರ್, ಹಳೆಯ ಘಟನೆಗಳು ಪ್ರೇಕ್ಷಕನ ನೆನಪಿನ ಕಡೆಗೆ ವಾಲುತ್ತವೆಂದು ಕಂಡರು. ಸಭೆಯೆದುರು ಮಾತನಾಡುವಂತಹ, ತನ್ನ ಮೇಲೆಯೇ ಗಮನ ನಿಲ್ಲುವ ಸಂದರ್ಭಗಳೂ ಹಾಗೆಯೇ. (ವೀಕ್ಷಕನು ಹೇಗೆ ಚಲಿಸುತ್ತಿರುವನೆಂದು ಗೊತ್ತುಮಾಡಿಕೊಳ್ಳದೆ ಭೌತವಿಜ್ಞಾನದಲ್ಲಿ ವೇಗವನ್ನು ಹೇಳಲಾಗದು, ನೆನಪಿನಲ್ಲಿ ಮಾತ್ರ ಆ ಎಚ್ಚರ ನಮಗಿಲ್ಲ.)

ಜನರೆದುರು ಅತಿಯಾಗಿ ಅಂಜುವ ರೋಗಿಗಳನ್ನು ಏಡ್ರಿಯನ್ ವೆಲ್ಸ್, ಡೇವಿಡ್ ಕ್ಲಾರ್ಕ್ ಮೊದಲಾದವರು 1998ರಲ್ಲಿ ಪ್ರಶ್ನಿಸಿದರು. ಜನರ ನಡುವಣ ಪ್ರಸಂಗಗಳನ್ನು ಅವರು ಪ್ರೇಕ್ಷಕರಂತೆ ನೆನೆದರು. ಉಳಿದ ಪ್ರಸಂಗಗಳನ್ನು ಹಾಗೆ ನೆನೆಯಲಿಲ್ಲ. ಅಂಜುವವನು ಆ ಚಿತ್ರವನ್ನು ಕಟ್ಟುವುದು ಸಭಿಕರು ಕಂಡುದರಿಂದಲ್ಲ, ತನ್ನ ಎದೆಬಡಿತ, ಬೆವರು, ನಡುಕಗಳಿಂದ ಎಂಬುದು ಈ ವಿದ್ವಾಂಸರ ವಿವರಣೆ. ಅದನ್ನೇ ಅವನು ತನ್ನ ನಿಜಸ್ವರೂಪವೆಂದು ನಂಬುತ್ತಾನೆ.

ಸಾಮಾಜಿಕ ಜಾಲತಾಣಕ್ಕೂ ಇದಕ್ಕೂ ಏನು ಸಂಬಂಧ? ಅಲ್ಲಿ ಹಂಚುವುದಕ್ಕಾಗಿ ಚಿತ್ರ ತೆಗೆಯುವವರು, ತಮಗಾಗಿಯೇ ತೆಗೆದಿಟ್ಟುಕೊಳ್ಳುವವರಿಗಿಂತ ಕಡಮೆ ಸಂತೋಷಪಡುತ್ತಾರೆಂದು ಬರಾಶ್, ಜೌಬರ್ಮನ್ ಮತ್ತು ಡೀಲ್ ಎಂಬವರ 2018ರ ಅಧ್ಯಯನ ತಿಳಿಸಿತು. ಇತರರಿಗೆ ತಾವು ಹೇಗೆ ತೋರುವೆವೆಂಬ ಚಿಂತೆಯೇ ಇದಕ್ಕೆ ಕಾರಣವೆಂದು ಅವರು ಕಂಡರು. ಎಂದರೆ, ಪ್ರೇಕ್ಷಕನು ಘಟನೆ ಹಳತಾಗುವವರೆಗೆ ಕಾಯುವುದಿಲ್ಲ. ಊಟದ ಎಲೆಯ ಮುಂದೆಯೇ ಬಂದು ಕುಳಿತಿರುತ್ತಾನೆ.

ಜಾಲತಾಣವೇ ಅಂಜಿಕೆಯನ್ನು ಹುಟ್ಟಿಸುತ್ತದೆಂದು ಇಷ್ಟರಿಂದ ಹೇಳಿಬಿಡುವುದು ಆತುರವಾದೀತು. ವಾಯುಭಾರಮಾಪಕದ ಪಾದರಸ ಇಳಿದಾಗ ಮಳೆ ಬರುವುದುಂಟು; ಮಳೆಯನ್ನು ತರುವುದು ಪಾದರಸವಲ್ಲ. ಅಂಜುವವರೇ ಮೊಬೈಲನ್ನು ಹೆಚ್ಚಾಗಿ ಆಶ್ರಯಿಸುತ್ತಿರಲೂಬಹುದು.

ಕುತೂಹಲದ ಸಂಗತಿಯೆಂದರೆ, ಕ್ಲಾರ್ಕರ ಚಿಕಿತ್ಸೆಯಲ್ಲಿ ಕ್ಯಾಮೆರವೇ ಔಷಧ. ರೋಗಿಯ ಸಂಭಾಷಣೆಯನ್ನು ವಿಡಿಯೋದಲ್ಲಿ ಸೆರೆಹಿಡಿಯುತ್ತಾರೆ. ತಾನು ಹೇಗೆ ಕಂಡಿರಬಹುದೆಂಬುದನ್ನು ಅವನು ಮೊದಲು ವರ್ಣಿಸಬೇಕು. ಬಳಿಕ ಅಪರಿಚಿತನೊಬ್ಬನನ್ನು ನೋಡುವಂತೆ ಆ ಚಿತ್ರವನ್ನು ನೋಡಬೇಕು. ಅವನು ವರ್ಣಿಸಿದಷ್ಟು ನಡುಕ ಸಾಮಾನ್ಯವಾಗಿ ಪರದೆಯ ಮೇಲೆ ಕಾಣಸಿಗುವುದಿಲ್ಲ.