ಬುಟ್ಟಿಗೆ ಹಾಕುವ ಮುನ್ನ ಬುಡ ನೋಡಿ
(ಅಣಬೆಗಳನ್ನು ಗುರುತಿಸುವ ಬಗೆ)

ಮುಂಗಾರು ಹಿಡಿದು ನಾಲ್ಕು ಗುಡುಗು ಕೇಳಿತೆಂದರೆ ಉಡುತಡಿಯ ಸುತ್ತಿನಿಂದ ಸೊರಬದ ಕಾನಿನ ಅಂಚಿನವರೆಗೂ ಅಣಬೆ ಹುಡುಕುವವರು ಕಾಣುತ್ತಾರೆ. ತೋಟಕ್ಕೆ ಸೊಪ್ಪು ತರಲು ಹೋದವರೂ ಬರಿಗೈಯಲ್ಲಿ ಹಿಂದಿರುಗುವುದಿಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅವರು ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅಲ್ಲಿಂದೀಚೆಗೆ ಕಾನು ತೆಳುವಾಗಿದೆ, ಅಕೇಶಿಯ ಮತ್ತು ನೀಲಗಿರಿಯ ನೆಡುತೋಪುಗಳು ಎದ್ದಿವೆ. ಮರ ಬದಲಾದರೆ ಅದರ ಬೇರನ್ನು ನಂಬಿ ಬದುಕುವ ಅಣಬೆಯೂ ಬದಲಾಗುತ್ತದೆ. ಅಜ್ಜಿಯ ಕಾಲದ ಗುರುತನ್ನೇ ನೆಚ್ಚಿ ಹೊಸ ಅಣಬೆಯನ್ನು ಮನೆಗೆ ತರುವುದು ಅಪಾಯ. ಹೆಸರೂ ಊರಿಗೊಂದು.

ನಮ್ಮಲ್ಲಿ ಹೆಚ್ಚು ಬೆಲೆಯುಳ್ಳದ್ದು ಹುತ್ತದ ಅಣಬೆ. ಗೆದ್ದಲು ಹುಳುಗಳು ನೆಲದೊಳಗೆ ತರಗನ್ನು ಅಗಿದು ಜೇನುತಟ್ಟಿಯಂಥ ಗೂಡು ಕಟ್ಟಿ, ಅದರ ಮೇಲೆ ಈ ಬೂಷ್ಟನ್ನು ಬೆಳೆಸುತ್ತವೆ. ಅಲ್ಲಿಂದಲೇ ಅಣಬೆ ಮೇಲೇಳುತ್ತದೆ. ಆದ್ದರಿಂದ ಇದರ ಕಾಲು ಬೇರಿನಂತೆ ನೀಳವಾಗಿ ಆಳಕ್ಕೆ ಇಳಿದಿರುತ್ತದೆ. ಕೊಡೆಯ ನಡುವೆ ಮೊನಚಾದ ಮೊಟ್ಟು ಇರುತ್ತದೆ. ಅಡಿಯ ತೆಳುಪದರಗಳು ಮೊದಲು ಬಿಳಿ, ಬಲಿತಾಗ ನಸುಗೆಂಪು. ಇದೇ ಕುಲದ ಪುಟ್ಟ ಜಾತಿಯೊಂದು ಅಕ್ಕಿ ಚೆಲ್ಲಿದಂತೆ ಗುಂಪಾಗಿ ಏಳುತ್ತದೆ. ಅದಕ್ಕೆ ಮಾತ್ರ ಉದ್ದದ ಬೇರಿಲ್ಲ.

ಇದಕ್ಕೆ ವಿರುದ್ಧವಾದದ್ದು ಅಮಾನಿಟಾ ಕುಲ. ಇದರಲ್ಲಿ ಕೆಲವು ಜಾತಿಗಳು ಪ್ರಾಣ ತೆಗೆಯುತ್ತವೆ. ಕೊಡೆಯಡಿ ಬಿಳಿ, ಕಾಲಿನಲ್ಲಿ ಉಂಗುರ, ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲ. ಈ ಚೀಲ ಮಣ್ಣಿನಲ್ಲಿ ಹೂತಿರುವುದರಿಂದ, ಅವಸರದಲ್ಲಿ ಕಾಲು ಮುರಿದು ತರುವವರಿಗೆ ಕಾಣುವುದೇ ಇಲ್ಲ. ಎಷ್ಟೋ ಅನಾಹುತಗಳ ಮೂಲ ಇಷ್ಟೇ. ಕತ್ತಿಯ ತುದಿಯಿಂದ ಮಣ್ಣು ಬಿಡಿಸಿ ಬುಡಸಮೇತ ಎಬ್ಬಿಸಬೇಕು. ಬೇರು ಇಳಿದಿದೆಯೋ, ಚೀಲವಿದೆಯೋ ಆಗ ತಿಳಿಯುತ್ತದೆ.

ಗೋಮಾಳದಲ್ಲಿ, ಗೊಬ್ಬರಗುಂಡಿಯ ಆಸುಪಾಸಿನಲ್ಲಿ ಇನ್ನೊಂದು ಮೋಸಗಾರನಿದೆ. ತಟ್ಟೆಯಗಲದ ಬಿಳಿ ಕೊಡೆ, ಮೇಲೆ ಕಂದು ಹಕ್ಕಳೆ, ಕಾಲಿನಲ್ಲಿ ಉಂಗುರ. ಎಳೆಯದರಲ್ಲಿ ಅಡಿಭಾಗ ಬಿಳಿಯೇ, ಬಲಿತ ಮೇಲೆ ಮಾಸಲು ಹಸಿರು. ತಿಂದ ಒಂದರಿಂದ ಮೂರು ತಾಸಿನೊಳಗೆ ವಾಂತಿ ಭೇದಿ ಹಿಡಿಸುತ್ತದೆ. ನಾವೂ ಒಮ್ಮೆ ಬುಟ್ಟಿ ತುಂಬ ತಂದು ಜಗಲಿಯ ಮೇಲೆ ಹೆಮ್ಮೆಯಿಂದ ಸುರಿದೆವು. ಮನೆಯ ಹಿರಿಯಮ್ಮ ಒಂದೊಂದನ್ನೇ ಮಗುಚಿ ನೋಡಿ, ಹಸಿರು ತಿರುಗಿದ ನಾಲ್ಕನ್ನು ಆರಿಸಿ, "ಎಲ್ಲಾ ಒಂದಕ್ಕೊಂದು ಉಜ್ಜಿಕೊಂಡಾವಲ್ಲ" ಎಂದು ಬುಟ್ಟಿಯನ್ನೇ ಗುಂಡಿಗೆ ಮಗುಚಿದರು. ಆ ದಿನ ಬರೀ ಮಜ್ಜಿಗೆ ಅನ್ನ.

ಅನುಮಾನವಿದ್ದಾಗ ಬಣ್ಣದ ಪರೀಕ್ಷೆ ಮಾಡಬಹುದು. ಕಾಲು ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಅಡಿಮುಖವಾಗಿಟ್ಟು ಬಟ್ಟಲು ಮುಚ್ಚಿಡಿ. ಬೆಳಗಾಗುವುದರೊಳಗೆ ಸಣ್ಣ ಪುಡಿ ಉದುರಿರುತ್ತದೆ. ಹುತ್ತದ ಅಣಬೆಯ ಪುಡಿ ನಸುಗೆಂಪು, ಅಮಾನಿಟಾದ್ದು ಬಿಳಿ, ಗೋಮಾಳದ ಮೋಸಗಾರನದು ಹಸಿರು. ಇದು ಕೆಲವನ್ನು ಬಿಡಿಸಲು ಸಾಧನವೇ ಹೊರತು ತಿನ್ನಲು ರಹದಾರಿಯಲ್ಲ. ಬೆಳ್ಳಿ ಕಪ್ಪಾಗುವುದು, ಬೆಳ್ಳುಳ್ಳಿ ಬಣ್ಣ ತಿರುಗುವುದು, ಹುಳು ತಿಂದಿರುವುದು, ಇವೆಲ್ಲ ಸುಳ್ಳು ಪರೀಕ್ಷೆಗಳು. ಕುದಿಸಿದರೂ ಅಮಾನಿಟಾದ ವಿಷ ಹೋಗುವುದಿಲ್ಲ.

ಆ ವಿಷದ ನಡೆಯನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಆರು ತಾಸು, ಕೆಲವೊಮ್ಮೆ ಹನ್ನೆರಡು ತಾಸು ಏನೂ ಆಗುವುದಿಲ್ಲ. ಬಳಿಕ ವಾಂತಿ ಭೇದಿ. ಮರುದಿನ ಗುಣವಾದಂತೆ ತೋರುತ್ತದೆ, ಆದರೆ ಒಳಗೆ ಪಿತ್ತಜನಕಾಂಗ ಕೆಡುತ್ತಿರುತ್ತದೆ. ತಡವಾಗಿ ಶುರುವಾದ ವಾಂತಿಯನ್ನು ಅಜೀರ್ಣವೆಂದು ಬಿಡದೆ, ಗುಣವಾಯಿತೆಂದು ಕಾಯದೆ, ಉಳಿದ ಅಣಬೆಯ ಚೂರು ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಂಡವರೆಲ್ಲರೂ ಹೋಗಬೇಕು.

ಇನ್ನು ತೋಟದೊಳಗಿನ ಅಣಬೆ. ಅಡಿಕೆ ಮರದ ಬುಡದಲ್ಲಿ ಗಟ್ಟಿಯಾದ, ಮೆರುಗೆಣ್ಣೆ ಹಚ್ಚಿದಂತೆ ಹೊಳೆಯುವ ಕೆಂಗಂದು ಅಣಬೆ ಕಂಡರೆ ಅದು ಗ್ಯಾನೋಡರ್ಮ, ಅಂದರೆ ಅಣಬೆ ರೋಗ. ಇದು ಹೊರಗೆ ಕಾಣುವ ಹೊತ್ತಿಗೆ ಬೇರು ಕೊಳೆತಿರುತ್ತದೆ, ಸೋಗೆ ಹಳದಿಯಾಗಿ ಜೋತಿರುತ್ತದೆ. ಅಣಬೆಯನ್ನಷ್ಟೇ ಕೆತ್ತಿ ಹಾಕಿದರೆ ಫಲವಿಲ್ಲ. ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡಿ. ರೋಗದ ಜಾಗವನ್ನು ಎರಡಡಿ ಆಳ, ಒಂದಡಿ ಅಗಲದ ಕಂದಕದಿಂದ ಬೇರ್ಪಡಿಸಿ. ಸುತ್ತಲಿನ ಮರಗಳಿಗೆ ವರ್ಷಕ್ಕೆ ತಲಾ 2 ಕಿಲೋ ಬೇವಿನ ಹಿಂಡಿ ಕೊಡಿ. ಆ ಮಗ್ಗುಲಿನ ನೀರು ಒಳ್ಳೆಯ ಮರಗಳ ಕಡೆಗೆ ಹರಿಯದಂತೆ ಬಸಿಗಾಲುವೆಯನ್ನು ಮಳೆಗೆ ಮುಂಚೆಯೇ ತಿರುಗಿಸಿಕೊಳ್ಳಿ.