ಕಿವಿ ಕೇಳದ ನಾಯಿಗೊಂದು ಮನೆ

ನಾಸಿಕ್ ಜಿಲ್ಲೆಯ ಸಿನ್ನರ್ ಪಟ್ಟಣವು ನಾಸಿಕ್–ಪುಣೆ ಹೆದ್ದಾರಿಯಲ್ಲಿದೆ. ಇಂತಹ ಊರುಗಳ ಬೀದಿಯಲ್ಲಿ ಕಿವುಡು ನಾಯಿಗೆ ಲಾರಿಯ ಹಾರ್ನ್ ಕೇಳಿಸದು. ಆದುದರಿಂದ ಅದಕ್ಕೆ ಮನೆಯ ಆಶ್ರಯ ಅತ್ಯಗತ್ಯ.

ಹುಟ್ಟುಕಿವುಡು ಬಿಳಿ ಮೈಬಣ್ಣದ ನಾಯಿಗಳಲ್ಲಿ, ವಿಶೇಷವಾಗಿ ಡಾಲ್ಮೇಷಿಯನ್ ತಳಿಯಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಒಳಕಿವಿಯಲ್ಲಿ ವರ್ಣಕೋಶಗಳು ಇಲ್ಲದಿದ್ದಾಗ ಹುಟ್ಟಿದ ಕೆಲವೇ ವಾರಗಳಲ್ಲಿ ಶ್ರವಣಶಕ್ತಿ ನಶಿಸುತ್ತದೆ. ಆದರೆ ಬುದ್ಧಿಗಾಗಲಿ ಅಕ್ಕರೆಗಾಗಲಿ ಇದರಿಂದ ಕುಂದಿಲ್ಲ.

ಇಂತಹ ನಾಯಿಗೆ ಕೈಸನ್ನೆಯ ಮೂಲಕ ಶಿಕ್ಷಣ ನೀಡಬಹುದು. ‘ಬಾ’, ‘ಕೂರು’, ‘ಬೇಡ’ ಎಂಬ ಒಂದೊಂದಕ್ಕೂ ಒಂದೇ ಸನ್ನೆಯನ್ನು ಮನೆಯವರೆಲ್ಲರೂ ಬಳಸತಕ್ಕದ್ದು. ಸನ್ನೆಯಂತೆ ನಡೆದಾಗ ತಿಂಡಿ ಕೊಟ್ಟು ಮೈದಡವಬೇಕು. ಮಲಗಿರುವಾಗ ಹಠಾತ್ತನೆ ಮುಟ್ಟಿದರೆ ಬೆದರಿ ಕಚ್ಚುವ ಸಂಭವವಿದೆ; ಪಕ್ಕದ ನೆಲವನ್ನು ತಟ್ಟಿ ಎಬ್ಬಿಸುವುದು ಕ್ಷೇಮ.

ದತ್ತು ಕೊಡುವವರು ನಾಯಿಯ ಕಿವುಡುತನವನ್ನು ಮುಚ್ಚಿಡಬಾರದು. ತಿಳಿಯದೆ ಒಯ್ದವರು ಅದನ್ನು ಹಠಮಾರಿಯೆಂದು ಭಾವಿಸಿ ದಂಡಿಸಿಯಾರು, ಕೊನೆಗೆ ಬೀದಿಗೂ ಬಿಟ್ಟಾರು. ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿದ ನಂತರವೇ ಕೊಡುವುದು ಉಚಿತ. ಪಡೆಯುವವರ ಮನೆಗೆ ಆವರಣವಿರುವುದು ಒಳ್ಳೆಯದು. ಹೊರಗೆ ಒಯ್ಯುವಾಗ ಹಗ್ಗವನ್ನು ಕಳಚಬಾರದು. ಕೊರಳಪಟ್ಟಿಯಲ್ಲಿ ‘ಕಿವುಡು’ ಎಂದೂ ಮನೆಯ ದೂರವಾಣಿ ಸಂಖ್ಯೆಯನ್ನೂ ಬರೆಸಬೇಕು.

ಹಸಿವು, ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದಂತೆ ಅಪರಾಧ. ಜೀವಿಗಳಲ್ಲಿ ದಯೆ ತೋರುವುದು ಸಂವಿಧಾನದ 51ಎ ವಿಧಿಯಲ್ಲಿ ಹೇಳಿರುವ ಮೂಲಭೂತ ಕರ್ತವ್ಯಗಳಲ್ಲೊಂದು. ಕರೆದರೆ ಓಗೊಡಲಾರದ ಜೀವಿಗೆ ಆ ದಯೆಯು ಮೊದಲು ಸಲ್ಲಬೇಕು.